ರಘು, ಬ್ರಿಂಕ್‌ನನ್ನು ಓದು

ಪ್ರೀತಿಯ ರಘು,

ವರ್ಣಭೇದ ನೀತಿಯ ಬಗ್ಗೆ ಒಂದೇ ಒಂದು ಕಾದಂಬರಿ ಹೇಳು ಅಂದಿದ್ದೆಯಲ್ಲ, ಲೇಖಕ ಆಂಡ್ರೆ ಬ್ರಿಂಕ್‌ನ ‘ಎ ಡ್ರೈ ವೈಟ್ ಸೀಸನ್’ ಹಿಡಿ. 1979ರದು.

ಬ್ರಿಂಕ್ ದಕ್ಷಿಣ ಆಫ್ರಿಕಾದ ಬಿಳಿಯ, ಮ್ಯಾಜಿಸ್ಟ್ರೇಟ್ ಒಬ್ಬರ ಮಗ. 1960ರಲ್ಲಿ ಅಲ್ಲಿನ ಶಾರ್ಪ್‌ವಿಲ್‌ನಲ್ಲಿ ಪ್ರತಿಭಟನೆಗೆ ಸೇರಿದ್ದ ಕಪ್ಪು ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದಾಗ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ. ತನ್ನ ಕಣ್ಣು ತೆರೆದದ್ದು ಆಗಲೇ ಅಂತ ಬರೆದುಕೊಂಡಿದ್ದಾನೆ. ಊರಿಗೆ ಬಂದು ಅವನು ಬರೆದದ್ದು ಆಫ್ರಿಕಾನ್ಸ್‌ನಲ್ಲಿ, ಆಳುವವರದೇ ಭಾಷೆಯಲ್ಲಿ. ಸರ್ಕಾರಕ್ಕೆ ಉರಿದದ್ದು ಅದಕ್ಕೇ. ಇಂಗ್ಲಿಷಿನಲ್ಲಿ ಬೈಯುವವರು ಮೊದಲೂ ಇದ್ದರು, ಮನೆಯವನೇ ಬೈದರೆ? 1973ರ ಅವನ ಕಾದಂಬರಿಯನ್ನು ಮರುವರ್ಷ ನಿಷೇಧಿಸಿದರು. ಹಾಗೆ ನಿಷೇಧವಾದ ಮೊದಲ ಆಫ್ರಿಕಾನ್ಸ್ ಪುಸ್ತಕ ಅದು. ಆಮೇಲೆ ಅವನು ಎರಡೂ ಭಾಷೆಯಲ್ಲಿ ಬರೆಯತೊಡಗಿದ. ಟಾರಸ್ ಎಂಬ ಪುಟ್ಟ ಪ್ರಕಾಶನ, ಮೊದಲೇ ಹೆಸರು ಕೊಟ್ಟ ಓದುಗರಿಗೆ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಿಬಿಡುತ್ತಿತ್ತು. ಸೆನ್ಸಾರ್‌ನವರು ಓದಿ ಮುಗಿಸುವ ಮೊದಲೇ ಪುಸ್ತಕ ಮನೆ ಸೇರಬೇಕಲ್ಲ!

ಕತೆ ಜೊಹಾನ್ಸ್‌ಬರ್ಗ್‌ನ ಬಿಳಿ ಮೇಷ್ಟ್ರು ಬೆನ್‌ನದು. ಅವನ ಶಾಲೆಯಲ್ಲಿ ಕಸ ಗುಡಿಸುತ್ತಿದ್ದ ಕಪ್ಪು ಮನುಷ್ಯ ಗಾರ್ಡನ್. ಜೊಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊದಲ್ಲಿ 1976ರಲ್ಲಿ ವಿದ್ಯಾರ್ಥಿಗಳು ದಂಗೆ ಎದ್ದ ದಿನಗಳಲ್ಲಿ ಗಾರ್ಡನ್‌ನ ಮಗ ಪೊಲೀಸರ ವಶದಲ್ಲಿ ಸಾಯುತ್ತಾನೆ. ಏನಾಯ್ತು ಅಂತ ಕೆದಕಲು ಹೊರಟ ಅಪ್ಪನನ್ನೂ ಎತ್ತಿಕೊಂಡು ಹೋಗುತ್ತಾರೆ. ಒಗೆಯಲು ಮನೆಗೆ ಬಂದ ಅವನ ಪ್ಯಾಂಟಿನ ಜೇಬಿನಲ್ಲಿ ಹೆಂಡತಿ ಎಮಿಲಿಗೆ ಮುರಿದ ಹಲ್ಲುಗಳು ಸಿಗುತ್ತವೆ. ಆಮೇಲೆ ಸುದ್ದಿ ಬರುತ್ತದೆ: ಕಂಬಳಿ ಹರಿದು ನೇಣು ಹಾಕಿಕೊಂಡನಂತೆ.

ಬೆನ್ ಹೀರೊ ಅಲ್ಲ. ಕೋರ್ಟು ಇದೆಯಲ್ಲ, ಎಲ್ಲ ಸರಿಹೋಗುತ್ತೆ ಅಂತ ನಂಬಿದ ಸಾದಾ ಮನುಷ್ಯ. ನನ್ನನ್ನು ಜಾಸ್ತಿ ಕಾಡಿದ್ದು ಅವನ ಮನೆ. ಗಾರ್ಡನ್ ಸಾವಿನ ಸತ್ಯ ಹುಡುಕುತ್ತಾ ಕೂಡಿಸಿದ ಸಾಕ್ಷ್ಯದ ಕಾಗದಗಳನ್ನು ಅವನು ಗ್ಯಾರೇಜಿನಲ್ಲಿ ಬಚ್ಚಿಟ್ಟಿರುತ್ತಾನೆ. ಇಷ್ಟು ದಿನ ಮುನಿಸಿಕೊಂಡಿದ್ದ ಸ್ವಂತ ಮಗಳು ಬಂದು, ಅಪ್ಪಾ ಅಪ್ಪಾ ಅಂತ ನಯವಾಗಿ ಮಾತಾಡಿಸಿ, ಆ ಜಾಗ ತಿಳಿದುಕೊಂಡು ಹೋಗುತ್ತಾಳೆ. ಸ್ವಲ್ಪದರಲ್ಲೇ ಗ್ಯಾರೇಜಿಗೆ ಕನ್ನ ಬೀಳುತ್ತದೆ. ಪೊಲೀಸರ ಏಟಿಗಿಂತ ಆ ಅಕ್ಕರೆ ನನ್ನನ್ನು ಹೆಚ್ಚು ಹೆದರಿಸಿತು.

ಒಂದು ತಕರಾರೂ ಇದೆ. ಬರಬರುತ್ತಾ ಎಮಿಲಿ ಹಿಂದೆ ಸರಿಯುತ್ತಾಳೆ, ಕತೆಯೆಲ್ಲ ಬೆನ್‌ನ ಸಂಕಟವೇ ಆಗುತ್ತದೆ. ಸೊವೆಟೊ ಒಳಗಿಂದ ಕಾಣಬೇಕಂದ್ರೆ ಕಪ್ಪು ಲೇಖಕರನ್ನೇ ಓದಬೇಕು. ಈ ಪುಸ್ತಕದ ಹೆಸರು ಕೂಡ ಮೊಂಗಾನೆ ವಾಲಿ ಸೆರೋಟೆ ಎಂಬ ಕಪ್ಪು ಕವಿಯಿಂದ ಬಂದದ್ದು. ಇದಾದ ಮೇಲೆ ಅವನನ್ನು ಓದು.

ಇದೆಲ್ಲ ಸುಮ್ನೆ ಕಟ್ಟಿದ್ದು ಅನ್ನಿಸಿದರೆ ಅಹಮದ್ ಟಿಮೋಲ್ ಹೆಸರು ಹುಡುಕು. ಭಾರತೀಯ ಮೂಲದ ಮೇಷ್ಟ್ರು. 1971ರಲ್ಲಿ ಜೊಹಾನ್ಸ್‌ಬರ್ಗ್‌ನ ಪೊಲೀಸ್ ಕಟ್ಟಡದ ಹತ್ತನೇ ಮಹಡಿಯಿಂದ ತಾನೇ ಹಾರಿಕೊಂಡ ಅಂದಿದ್ದರು. ಹಾರಿದ್ದಲ್ಲ, ತಳ್ಳಿದ್ದು ಅಂತ ಕೋರ್ಟು ಹೇಳಿದ್ದು 2017ರಲ್ಲಿ. ಬ್ರಿಂಕ್ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಇಂಗ್ಲಿಷ್ ಪ್ರತಿ ನನ್ನ ಹತ್ತಿರ ಇದೆ. ಈ ಕಡೆ ಬಂದಾಗ ತಗೊಂಡು ಹೋಗು. ವಾಪಸ್ ಕೊಡು ಮಾರಾಯ.

ನಿನ್ನ,
ಸುರೇಶ