ವಿಯೆನ್ನಾದಲ್ಲಿ ರೂಮು ಹಿಡಿಯುವ ಮುಂಚೆ

ಚಿ. ಸೌ. ಮಾನಸಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀವಿಬ್ಬರೂ ನನ್ನ ಅಕ್ಕನನ್ನು ಕರೆದುಕೊಂಡು ಮೂರು ರಾತ್ರಿ ವಿಯೆನ್ನಾದಲ್ಲಿ ಇರುತ್ತೀರೆಂದು ತಿಳಿದು ಬಹಳ ಸಂತೋಷವಾಯಿತು. ನೀನು ಕಳಿಸಿದ ಹೋಟೆಲ್‌ಗಳ ಪಟ್ಟಿ ನೋಡಿದೆ. ಅದರಲ್ಲಿ ಅಗ್ಗದ ಎರಡನ್ನು ಬಿಟ್ಟುಬಿಡು. ಹೆಸರಿನಲ್ಲಿ ‘ಸಿಟಿ’ ಇದೆ, ನಿಜ, ಆದರೆ ವಿಳಾಸದ ಪಿನ್‌ಕೋಡ್ 1220. ಆ ಊರಿನ ಪಿನ್‌ಕೋಡಿನಲ್ಲಿ ನಡುವಿನ ಎರಡು ಅಂಕಿ ಜಿಲ್ಲೆಯ ಸಂಖ್ಯೆ. 1010 ಅಂದರೆ ಒಂದನೇ ಜಿಲ್ಲೆ, 1070 ಏಳನೆಯದು. ಇಪ್ಪತ್ತೆರಡನೆಯದು ಡ್ಯಾನ್ಯೂಬ್ ನದಿಯ ಆಚೆ ದಡ.

ಒಂದನೇ ಜಿಲ್ಲೆಯೇ ಹಳೇ ಊರು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕೋಟೆಗೋಡೆ ಕೆಡವಲು ಆಜ್ಞೆ ಮಾಡಿದ. ಆ ಜಾಗದಲ್ಲಿ ರಿಂಗ್ ರಸ್ತೆ ಬಂತು. ಸ್ಟೀಫನ್ಸ್ ಚರ್ಚು, ಹೋಫ್‌ಬುರ್ಗ್ ಅರಮನೆ ರಿಂಗಿನ ಒಳಗಿವೆ. ಒಪೆರಾ, ದೊಡ್ಡ ವಸ್ತುಸಂಗ್ರಹಾಲಯಗಳು ರಿಂಗ್ ರಸ್ತೆಯಲ್ಲೇ ಇವೆ. ಚರ್ಚಿನಿಂದ ರಿಂಗಿಗೆ ನಡೆದರೆ ಹೆಚ್ಚೆಂದರೆ ಕಾಲು ಗಂಟೆ.

ಊರಿನ ನಡುವೆ ಇರಬೇಕು ಎಂದು ನಾನು ಹಟ ಹಿಡಿಯುವುದು ಮಧ್ಯಾಹ್ನಕ್ಕಾಗಿ. ಬೆಳಿಗ್ಗೆ ಹೊರಟವರಿಗೆ ಎರಡು ಗಂಟೆಯ ಹೊತ್ತಿಗೆ ಕಾಲು ಸೋತಿರುತ್ತದೆ. ಆಗ ಅಕ್ಕ ರೂಮಿಗೆ ಬಂದು, ಒಂದು ಗಂಟೆ ಕಾಲು ಚಾಚಿ ಮಲಗಿ, ಸಂಜೆ ಮತ್ತೆ ಹೊರಡುವಂತಿರಬೇಕು. ರೂಮು ದೂರವಾದರೆ ಅವಳು ಯಾವುದೋ ಬೆಂಚಿನ ಮೇಲೆ ಕೂತು ನಿಮಗಾಗಿ ಕಾಯುತ್ತಾಳೆ, ನೋವು ಅಂತ ಬಾಯಿ ಬಿಡುವುದಿಲ್ಲ. ಅವಳ ಸ್ವಭಾವ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಹಾಗಂತ ಚರ್ಚಿನ ಎದುರಿಗೇ ಹಿಡಿಯಬೇಡ. ದರ ವಿಪರೀತ. ಸುತ್ತಲಿನ ಗ್ರಾಬೆನ್, ಕೆರ್ಂಟ್ನರ್ ಬೀದಿಗಳು ನಡೆಯುವವರಿಗೆ ಮೀಸಲು, ಸೂಟ್‌ಕೇಸ್ ಎಳೆದುಕೊಂಡೇ ಹೋಗಬೇಕಾದೀತು. ನಾವು ಅಲ್ಲಿದ್ದಾಗ ಊರಿನಿಂದ ಬಂದವರಿಗೆಲ್ಲ ನಾನು ಹೇಳುತ್ತಿದ್ದುದು ಮೂರನೇ ಜಿಲ್ಲೆಯ ವೀನ್ ಮಿಟ್ಟೆ ರೈಲು ನಿಲ್ದಾಣದ ಆಸುಪಾಸು. ಮೆಟ್ರೋದವರು ಆ ನಿಲ್ದಾಣವನ್ನು ಲಾಂಡ್‌ಸ್ಟ್ರಾಸೆ ಅನ್ನುತ್ತಾರೆ. ಏರ್‌ಪೋರ್ಟಿನಿಂದ ಎಸ್7 ಲೋಕಲ್ ರೈಲು ಅರ್ಧ ಗಂಟೆಯೊಳಗೆ ನೇರ ಅಲ್ಲಿಗೇ ತರುತ್ತದೆ. 16 ನಿಮಿಷದಲ್ಲಿ ತರುವ ಕ್ಯಾಟ್ ಎಂಬ ವೇಗದ ರೈಲೂ ಇದೆ, ಉಳಿಯುವ ಹತ್ತು ನಿಮಿಷಕ್ಕೆ ಅಷ್ಟು ಹೆಚ್ಚು ದುಡ್ಡು ಕೊಡುವುದು ಬೇಡ. ಯು3 ಮೆಟ್ರೋದಲ್ಲಿ ಸ್ಟೀಫನ್ಸ್ ಚರ್ಚಿನ ಮುಂದಿನ ಸ್ಟೀಫನ್ಸ್‌ಪ್ಲಾಟ್ಸ್ ಎರಡೇ ಸ್ಟಾಪು. ಯು4 ಹತ್ತಿದರೆ ಎಲ್ಲೂ ಬದಲಾಯಿಸದೆ ಶೋನ್‌ಬ್ರುನ್ ಅರಮನೆ. ಒಪೆರಾ ಮುಗಿಸಿ ರಾತ್ರಿ ಹಿಂದಿರುಗುವುದೂ ಅದೇ ಯು4ನಲ್ಲಿ. ಪಕ್ಕದಲ್ಲೇ ಸ್ಟಾಡ್ಟ್‌ಪಾರ್ಕ್ ಇದೆ, ಅಕ್ಕನ ಬೆಳಗಿನ ವಾಕಿಂಗ್ ತಪ್ಪುವುದಿಲ್ಲ. ಆದರೆ 1030 ಎಂದು ಕಂಡ ಕೂಡಲೇ ದುಡ್ಡು ಕಟ್ಟಬೇಡ. ಆ ಜಿಲ್ಲೆ ಉದ್ದಕ್ಕಿದೆ, ನಿಲ್ದಾಣದಿಂದ ಐದಾರು ನಿಮಿಷದ ನಡಿಗೆಯೊಳಗೆ ಇದೆಯೇ ಎಂದು ಮ್ಯಾಪಿನಲ್ಲಿ ಅಳೆದು ನೋಡು.

ಇನ್ನು ಮೆಟ್ಟಿಲ ವಿಷಯ. ಅಲ್ಲಿನ ಹಳೇ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೆ ಹೋಖ್‌ಪಾರ್ಟೆರೆ, ಮೆಟ್ಸನೀನ್ ಅಂತ ಲೆಕ್ಕಕ್ಕೆ ಬಾರದ ಅಂತಸ್ತುಗಳಿರುತ್ತವೆ. ‘ಮೊದಲನೇ ಮಹಡಿ’ ಎಂದು ಬರೆದದ್ದು ನಮ್ಮ ಮೂರನೇ ಮಹಡಿ ಆಗಿರಬಹುದು. ಕೆಲವು ಕಡೆ ಏಳೆಂಟು ಮೆಟ್ಟಿಲು ಹತ್ತಿದ ಮೇಲೆಯೇ ಲಿಫ್ಟ್ ಸಿಗುವುದು. ಆದ್ದರಿಂದ ಲಿಫ್ಟ್ ಇದೆಯೇ ಎಂದಷ್ಟೇ ಕೇಳಿ ಬಿಡಬೇಡ. ಬೀದಿ ಬಾಗಿಲಿನಿಂದ ರೂಮಿನ ತನಕ ಒಟ್ಟು ಎಷ್ಟು ಮೆಟ್ಟಿಲು ಎಂದು ಹೋಟೆಲಿಗೇ ಮೇಲ್ ಮಾಡಿ ಕೇಳು. ಮೂವರಿಗೆ ಒಂದೇ ರೂಮು ತೆಗೆದುಕೊಂಡರೆ ಮೂರನೆಯದು ಮಂಚವೋ ಬಿಚ್ಚುವ ಸೋಫಾವೋ ಅದನ್ನೂ ಕೇಳು. ಜುಲೈ ಆದ್ದರಿಂದ ಎಸಿ ಇರಲೇಬೇಕು, ಹಳೇ ಕಟ್ಟಡಗಳಲ್ಲಿ ಅದು ಇದ್ದೇ ಇರುತ್ತದೆ ಅಂದುಕೊಳ್ಳಬೇಡ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳೊಳಗಿನ ಕೆಲವನ್ನು ಬಿಟ್ಟು. ಹಾಲು, ಮೊಸರು, ಹಣ್ಣು ಶನಿವಾರ ಸಂಜೆ ಆರರೊಳಗೇ ತಂದಿಟ್ಟುಕೊಳ್ಳಿ. ರೂಮಿನಲ್ಲಿ ಕೆಟಲ್ ಇಲ್ಲದಿದ್ದರೆ ಒಂದು ಚಿಕ್ಕದನ್ನು ಇಲ್ಲಿಂದಲೇ ಒಯ್ಯಿ.

ಷೆಂಗೆನ್ ವೀಸಾ ಅರ್ಜಿಗೆ ಹೋಟೆಲ್ ಬುಕಿಂಗ್ ತೋರಿಸಬೇಕಲ್ಲ, ಅದಕ್ಕೆ ದರ ಸ್ವಲ್ಪ ಹೆಚ್ಚಾದರೂ ರದ್ದು ಮಾಡಲು ಬರುವಂಥದ್ದನ್ನೇ ಹಿಡಿ. ರದ್ದು ಮಾಡುವ ಕೊನೆಯ ದಿನಾಂಕ ವೀಸಾ ಕೈಗೆ ಬರುವ ದಿನದ ನಂತರ ಇರಲಿ. ಮೂವರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬುಕಿಂಗಿನಲ್ಲಿ ಬರಲಿ.

ಆರಿಸಿದ ಎರಡು ಹೋಟೆಲ್‌ಗಳ ವಿಳಾಸ ನನಗೆ ಕಳಿಸು. ಆ ಬೀದಿಗಳು ನನಗೆ ಗೊತ್ತು, ನೋಡಿ ಹೇಳುತ್ತೇನೆ. ಬೀದಿಯ ಕಡೆಗಲ್ಲದೆ ಕಟ್ಟಡದ ಒಳ ಅಂಗಳದ ಕಡೆ ಕಿಟಕಿ ಇರುವ ರೂಮು ಕೇಳುವುದನ್ನು ಮರೆಯಬೇಡ, ಟ್ರಾಮಿನ ಸದ್ದಿಗೆ ಅಕ್ಕನಿಗೆ ನಿದ್ದೆ ಹತ್ತುವುದಿಲ್ಲ.

ನಿನ್ನ ಪ್ರೀತಿಯ
ಮಾವ