ಹಲಗೆಯ ಮೇಲೆ ಮಗುವಿನ ಹೆಸರು ಬೇಡ

ಮಾನ್ಯ ಸಂಪಾದಕರೇ,

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು ನಾನು. ಹತ್ತಿ, ಮೆಣಸಿನಕಾಯಿ ಬಿಡಿಸುವ ಹಂಗಾಮು ಬಂತೆಂದರೆ ನಮ್ಮ ಹಿಂದಿನ ಸಾಲುಗಳು ಖಾಲಿ. ಹೀಗಾಗಿ ಮಕ್ಕಳಿಗೆ ಏನಾದರೊಂದು ಕೊಟ್ಟು ಶಾಲೆಗೆ ಕರೆತರುವುದರ ಬಗ್ಗೆ ನನಗೆ ತಕರಾರಿಲ್ಲ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿಯೇ. ಅದಕ್ಕೂ ಮೊದಲು ಮಧ್ಯಾಹ್ನ ಉಣ್ಣಲು ಮನೆಗೆ ಹೋದ ಎಷ್ಟೋ ಮಕ್ಕಳು ಮತ್ತೆ ಬರುತ್ತಿರಲಿಲ್ಲ. 2013ರಲ್ಲಿ ಹಾಲು ಬಂತು, 2021ರ ಡಿಸೆಂಬರ್‌ನಲ್ಲಿ ಮೊಟ್ಟೆ. ಮೊಟ್ಟೆಯ ಆಸೆಗೆ ಬರುತ್ತಾರೆಂದು ಮೂಗು ಮುರಿದವರಿದ್ದರು. ಬರಲಿ. ಬಂದ ಮಗುವನ್ನು ಉಳಿಸಿಕೊಳ್ಳುವುದು ಶಿಕ್ಷಕರ ಕೆಲಸ.

ಆದರೆ ಈಗ ಇನ್ನೊಂದು ಪದ್ಧತಿ ಕಾಣುತ್ತಿದ್ದೇನೆ. ತಿಂಗಳಿಡೀ ಯಾರೂ ತಪ್ಪಿಸದ ತರಗತಿಗೆ ಬಹುಮಾನ. ಒಬ್ಬರು ತಪ್ಪಿಸಿದರೂ ಇಡೀ ತರಗತಿಗೆ ಇಲ್ಲ, ತಪ್ಪಿಸಿದವರ ಹೆಸರು ಹಲಗೆಯ ಮೇಲೆ. ಉಳಿದ ಮಕ್ಕಳೇ ಅವರನ್ನು ದಾರಿಗೆ ತರುತ್ತಾರೆಂಬುದು ಲೆಕ್ಕಾಚಾರ.

ಸಮೀಪದ ಶಾಲೆಯೊಂದರಲ್ಲಿ ಅದರ ಫಲವನ್ನು ಕಣ್ಣಾರೆ ಕಂಡೆ. ಮೂರು ದಿನ ಬಾರದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅಂದು ಬಂದಿದ್ದಳು. ಅವಳು ಕೂರಲು ಹೋದಲ್ಲೆಲ್ಲ ಮಕ್ಕಳು ಜಾಗ ಬಿಡದೆ ಒತ್ತಾಗಿ ಕುಳಿತರು. 'ನಿನ್ನಿಂದಲೇ ನಮ್ಮ ಬಹುಮಾನ ಹೋಯಿತು' ಎಂದಳು ಒಬ್ಬಳು. ಚೀಲವನ್ನು ಎದೆಗೆ ಅವಚಿಕೊಂಡು ಅವಳು ಗೋಡೆಗೆ ಆತು ನಿಂತಳು. ಮರುದಿನದಿಂದ ಬರಲಿಲ್ಲ. ವಾರದ ಮೇಲೆ ಮನೆಗೆ ಹೋದೆ. ತಾಯಿ ಬೆಳಿಗ್ಗೆ ಏಳಕ್ಕೇ ಟಂಟಂ ಆಟೊ ಏರಿ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು. ಹುಡುಗಿಯ ಸೊಂಟದ ಮೇಲೆ ಹತ್ತು ತಿಂಗಳ ತಮ್ಮ. ಅವಳು ಕೇಳಿದ್ದು ಒಂದೇ ಮಾತು: 'ಹಲಗೆಯ ಮೇಲೆ ನನ್ನ ಹೆಸರು ಇನ್ನೂ ಇದೆಯೇ ಸರ್?'

ಶಾಲೆಗೆ ಬರುವುದು ಬಿಡುವುದು ಆ ಮಗುವಿನ ಕೈಯಲ್ಲಿ ಇರಲೇ ಇಲ್ಲ. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಕೂಡದೆಂದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಗೆಳತಿಯರ ಎದುರು ತಪ್ಪಿತಸ್ಥಳಾಗಿ ನಿಲ್ಲಿಸುವುದು ಕಿರುಕುಳವಲ್ಲದೆ ಇನ್ನೇನು?

ಗೆಳೆತನದ ಬಲ ದೊಡ್ಡದು, ಅದನ್ನು ಬಳಸಬೇಡಿ ಎನ್ನಲಾರೆ. ನನ್ನ ಶಾಲೆಯಲ್ಲಿ ಎರಡು ದಿನ ಬಾರದವರ ಮನೆಗೆ ಅದೇ ಓಣಿಯ ಇಬ್ಬರು ಮಕ್ಕಳನ್ನು ಬೆಳಿಗ್ಗೆ ಕರೆಯಲು ಕಳುಹಿಸುತ್ತಿದ್ದೆ. ಬೈಯಬಾರದು, ಏಕೆ ಬರಲಿಲ್ಲವೆಂದು ಕೇಳಲೂಬಾರದು, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಬೇಕು, ಅಷ್ಟೇ. ಎಷ್ಟೋ ಸಲ ಮೂವರಾಗಿ ಬರುತ್ತಿದ್ದರು. ಇಬ್ಬರೇ ಮರಳಿದ ದಿನ, ಸಂಜೆ ಆ ಮನೆಗೆ ನಾನು ಹೋಗುತ್ತಿದ್ದೆ. ಜ್ವರವೋ, ಸಾಲವೋ, ಎಳೆಗೂಸೋ, ಕಾರಣ ತಿಳಿಯುತ್ತಿದ್ದುದು ಅಲ್ಲಿ.

ಈ ಹುಡುಗಿಗೆ ಬೇಕಿರುವುದು ಬಹುಮಾನವಲ್ಲ, ತಮ್ಮನನ್ನು ನೋಡಿಕೊಳ್ಳುವವರು. ಕೂಲಿಗೆ ಹೋಗುವ ತಾಯಂದಿರ ಎಳೆ ಮಕ್ಕಳಿಗಾಗಿಯೇ ಸರ್ಕಾರ 2023ರಲ್ಲಿ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಪ್ರಕಟಿಸಿತು. ಒಳ್ಳೆಯ ಯೋಜನೆ. ಆದರೆ ಟಂಟಂ ಏಳಕ್ಕೆ ಹೊರಡುವ ಊರಿನಲ್ಲಿ ಕೂಸಿನ ಮನೆಯ ಬಾಗಿಲೂ ಅಷ್ಟು ಹೊತ್ತಿಗೆ ತೆರೆದಿರಬೇಕು, ಹಂಗಾಮು ಮುಗಿಯುವವರೆಗೆ ಒಂದು ದಿನವೂ ಮುಚ್ಚಬಾರದು. ದುಡಿಯಲು ಬೆಂಗಳೂರಿಗೆ ಹೊರಡುವ ಕುಟುಂಬಗಳ ಮಕ್ಕಳಿಗೆ ಹಂಗಾಮಿ ವಸತಿ ಶಾಲೆಯನ್ನು ಅವರು ಬಸ್ ಹತ್ತುವ ಮೊದಲೇ ತೆರೆಯಬೇಕು.

ಶಿಕ್ಷಣ ಇಲಾಖೆ ಆ ಹಲಗೆಗಳನ್ನು ಕೂಡಲೇ ಅಳಿಸಲಿ. ಉಳಿದದ್ದನ್ನು ಪಂಚಾಯಿತಿಗಳು ಈ ಹಂಗಾಮಿನಲ್ಲಿಯೇ ಮಾಡಬೇಕು. ಏಪ್ರಿಲ್‌ನಲ್ಲಿ ಎಚ್ಚೆತ್ತರೆ ಆ ಮಕ್ಕಳ ಒಂದು ವರ್ಷ ಆಗಲೇ ಹೋಗಿರುತ್ತದೆ.

– ನಿವೃತ್ತ ಶಿಕ್ಷಕ, ರಾಯಚೂರು ಜಿಲ್ಲೆ