ಏಡಿ ತೋಡಿದ ತೂತು

ಪ್ರೀತಿಯ ಮಗಳೇ,

ನಿನ್ನ ಪತ್ರ ಬುಧವಾರ ಸಿಕ್ಕಿತು. ರೂಮು, ಊಟ, ಆಫೀಸು ಎಲ್ಲ ಓದಿದೆ. ಒಂದು ಸಾಲು ಮಾತ್ರ ಮನಸ್ಸು ಬಿಟ್ಟು ಹೋಗುತ್ತಿಲ್ಲ. "ನಾಳೆ ನಾನಿಲ್ಲ ಅಂದ್ರೂ ಏನೂ ನಿಲ್ಲೋದಿಲ್ಲ ದೊಡ್ಡಪ್ಪಾ, ನನ್ನ ಕುರ್ಚೀಲಿ ಇನ್ನೊಬ್ಬರು ಕೂತಿರ್ತಾರೆ" ಅಂತ ಬರೆದಿದ್ದೀಯಲ್ಲ, ಅದು.

ಅದು ಕೆಲಸದ ಬೇಸರವಾ, ಅಥವಾ ಬದುಕೇ ಬೇಡ ಅನಿಸುತ್ತಿದೆಯಾ? ನೇರವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡ. ಎರಡನೆಯದಾಗಿದ್ದರೆ ಈ ಪತ್ರ ಪೂರ್ತಿ ಓದಬೇಡ, ಮೊದಲು ನನಗೆ ಫೋನ್ ಮಾಡು. ನಮ್ಮ ಹತ್ತಿರ ಹೇಳಲಾಗದಿದ್ದರೆ ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಿನ್ನ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ ಅನ್ನೋದನ್ನ ನಾನು ಸುಳ್ಳು ಅನ್ನಲಾರೆ. ಬರುತ್ತಾರೆ. ನನಗೂ ಹಾಗೇ ಆಯಿತು.

ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆ, ಅದರ ಕಟ್ಟೆ ನೀನು ನೋಡಿದ್ದೀಯ. ಆದರೆ ನೀನು ನೋಡಿದ್ದು ಸಿಗಡಿ ಬಿಟ್ಟ ನೀರು. ನನ್ನ ಕಾಲಕ್ಕೆ ಅಲ್ಲೆಲ್ಲ ಕಗ್ಗ ಭತ್ತ. ಮಳೆ ಬಂದು ಉಪ್ಪು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುವುದು, ಅಷ್ಟೇ. ಗೊಬ್ಬರ ಬೇಡ, ಔಷಧ ಬೇಡ. ನೆರೆ ಬಂದರೂ ನಿಲ್ಲುತ್ತಿತ್ತು, ಸ್ವಲ್ಪ ಉಪ್ಪುನೀರನ್ನೂ ತಡೆಯುತ್ತಿತ್ತು. ಆದರೆ ಅಘನಾಶಿನಿ ಹೊಳೆಗೆ ಸಮುದ್ರದಿಂದ ಏರುವ ಭರತದ ನೀರು ಪೂರ್ತಿ ನುಗ್ಗಿದರೆ ಕಗ್ಗವೂ ಉಳಿಯದು. ಅದಕ್ಕೇ ಮಣ್ಣಿನ ಕಟ್ಟೆ. ಮನೆಗೊಂದು ಪಾಲು, ಹುಣ್ಣಿಮೆ ಅಮಾವಾಸ್ಯೆಗೆ ರಾತ್ರಿ ಕಾವಲು. ಏಡಿ ಒಂದು ತೂತು ತೋಡಿದರೆ ಸಾಕು, ಬೆಳಗಾಗುವುದರೊಳಗೆ ಕಟ್ಟೆ ಹೋಯಿತು.

ಹತ್ತೊಂಬತ್ತರ ವಯಸ್ಸಲ್ಲಿ ಒಂದು ಹುಣ್ಣಿಮೆ ರಾತ್ರಿ ನನ್ನ ಪಾಲಿನ ಮೇಲೆ ನಾನು ನಿದ್ದೆ ಹೋದೆ. ಎಚ್ಚರವಾದಾಗ ಆಚೆ ಪಾಲಿನ ಹುಡುಗ ನನ್ನ ಕಾಲ ಬುಡದಲ್ಲೇ ಹುಲ್ಲು, ಕೆಸರು ತುರುಕಿ ತುಳಿಯುತ್ತಿದ್ದ. ಸೊಂಟದವರೆಗೆ ನೀರಲ್ಲಿದ್ದ. ನನ್ನನ್ನು ಎಬ್ಬಿಸಲೂ ಇಲ್ಲ. ಬೆಳಿಗ್ಗೆ ಯಾರಿಗೂ ಹೇಳಲೂ ಇಲ್ಲ.

ಮುಂದೆ 1974ರಲ್ಲಿ ಬೊಂಬಾಯಿಗೆ ಹೋದೆ. ನನ್ನ ಪಾಲಿನ ಕಾವಲಿಗೆ ಅವನೇ ನಿಂತ ಅಂತ ಅಪ್ಪನ ಪತ್ರ ಬಂತು. ಓದಿ ಹೊಟ್ಟೆಯೊಳಗೆ ಏನೋ ಕುಸಿಯಿತು. ನಾನಿಲ್ಲದೆಯೂ ಕಟ್ಟೆ ನಿಂತಿದೆಯಲ್ಲ, ನಾನ್ಯಾಕೆ ಬೇಕು ಅಂತ. ನೀನು ಬರೆದದ್ದೇ, ಅಲ್ವಾ? ಆ ಸಿಟ್ಟಲ್ಲಿ ಮೂರು ವರ್ಷ ಊರಿಗೆ ಬರಲಿಲ್ಲ. ಅಪ್ಪ ಹೋದದ್ದು ಆಗಲೇ. ಉಳಿದದ್ದು ನಿಮಗೆಲ್ಲ ಗೊತ್ತು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಕೊನೆಯ ಮಳೆಗಾಲದವರೆಗೂ ಅಪ್ಪ ಆ ಪಾಲನ್ನು "ದೊಡ್ಡವನ ಕಟ್ಟೆ" ಅಂತಲೇ ಕರೆಯುತ್ತಿದ್ದರಂತೆ. ಆ ಹುಡುಗ, ಈಗ ಅವನೂ ಮುದುಕ, ಹೋದ ವರ್ಷವಷ್ಟೇ ಹೇಳಿದ. ನಾನು ಕೇಳಿರಲೇ ಇಲ್ಲ. ಐವತ್ತು ವರ್ಷ ಅವನ ಹತ್ತಿರ ಕೂತು ಕೇಳಲಿಲ್ಲ.

ನನ್ನ ಜಾಗಕ್ಕೆ ಇನ್ನೊಬ್ಬ ಬಂದದ್ದನ್ನು ಆಗ ಅವಮಾನ ಅಂದುಕೊಂಡೆ. ಆದರೆ ಆ ಹುಣ್ಣಿಮೆ ರಾತ್ರಿ ಅವನು ನನ್ನ ಜಾಗಕ್ಕೆ ಬಾರದಿದ್ದರೆ ಆ ವರ್ಷ ನಮ್ಮ ಮನೆಯಲ್ಲಿ ಅನ್ನವೇ ಇರುತ್ತಿರಲಿಲ್ಲ. ನಾಳೆ ನಿನ್ನ ಕುರ್ಚಿಗೆ ಬರುವವಳ ಬಗ್ಗೆ ನನಗೆ ಅಷ್ಟು ಹೆದರಿಕೆ ಇಲ್ಲ. ನಿನ್ನ ಬಗಲ ಕುರ್ಚಿಯವಳು ಯಾರು, ಅವಳು ಉಂಡಳಾ ಅನ್ನೋದು ನಿನಗೆ ಗೊತ್ತಿಲ್ಲದಿದ್ದರೆ ಹೆದರಿಕೆ. ಪತ್ರದಲ್ಲಿ ಒಬ್ಬರ ಹೆಸರೂ ಇಲ್ಲ ಮಗಳೇ. ನಾಲ್ಕು ಪುಟ ಬರೆದಿದ್ದೀಯ, ಒಂದು ಹೆಸರಿಲ್ಲ.

ಏನು ಮಾಡು ಅಂತ ಹೇಳಲಿ? ಬೆಂಗಳೂರಿನ ಬದುಕು ನನಗೇನು ಗೊತ್ತು. ರಾತ್ರಿ ಒಬ್ಬಳೇ ಫೋನ್ ನೋಡುತ್ತಾ ಉಣ್ಣಬೇಡ, ಯಾರ ಜೊತೆಗಾದರೂ ಉಣ್ಣು. ಕೆಲಸ ಬಿಡಬೇಕು ಅನಿಸಿದರೆ ಬಿಡು, ಇಲ್ಲಿ ಕೋಣೆ ಖಾಲಿ ಇದೆ. ಇಷ್ಟೇ ತೋಚುತ್ತದೆ.

2024ರಲ್ಲಿ ನಮ್ಮ ಅಳಿವೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು ಅಂತ ಪೇಪರಿನಲ್ಲಿ ಬಂದಾಗ ನೀನೇ ಮೊದಲು ಫೋನ್ ಮಾಡಿ ಕೂಗಿದ್ದೆ. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಈ ಪತ್ರದಲ್ಲಿ ಅದು ಕೇಳಲಿಲ್ಲ, ಅದಕ್ಕೇ ಇಷ್ಟು ಬರೆದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತೇನೆ. ನಿದ್ದೆ ಬಂದಿದ್ದರೂ ಎತ್ತು.

ನಿನ್ನ ದೊಡ್ಡಪ್ಪ